ಗೇಮಿನ ಡಬ್ಬಿ ಅಟ್ಟ ಹತ್ತಿದ ವರ್ಷ

ಕೂಲರಿಗೆ ಹೊಸ ಹುಲ್ಲು ಹಾಕಿಸಿ ಮೊದಲ ಸಲ ನೀರು ಬಿಟ್ಟಾಗ ಒಂದು ವಾಸನೆ ಬರುತ್ತದೆ. ಅರ್ಧ ಕಟ್ಟಿಗೆಯದು, ಅರ್ಧ ಒದ್ದೆ ಮಣ್ಣಿನದು. ಕಲಬುರಗಿಯವರಿಗೆ ಅದು ಬೇಸಿಗೆ ಶುರುವಾಯಿತು ಎಂಬ ಸುದ್ದಿ. ನನಗೆ ಮಾತ್ರ ಅದು ನನ್ನ ಜಾಣತನದ ನೆನಪು, ಅದಕ್ಕಿಂತ ಒಂದು ಗೇಣು ಎತ್ತರದ ನನ್ನ ಪೆದ್ದುತನದ ನೆನಪು. ಮೊನ್ನೆ ಮನೆಯ ಕೂಲರಿಗೆ ನೀರು ಬಿಟ್ಟು ಅದರೆದುರು ಕೂತಾಗ ನಾಲ್ಕು ವರ್ಷದ ಹಿಂದಿನ ಆ ಬೇಸಿಗೆ, ಆ ಮಳೆಗಾಲ ಎರಡೂ ಒಟ್ಟಿಗೇ ಕಣ್ಣ ಮುಂದೆ ಬಂದವು. ಬರೆದೇಬಿಡೋಣ ಅನಿಸಿತು. ಬರೆಯುವುದು ಹೇಗೂ ನನ್ನ ಕಸುಬು.

ಕಸುಬು ಎಂದರೆ ಕತೆ ಕವಿತೆಯಲ್ಲ. ಸ್ಟೇಶನ್ ಬಜಾರದಲ್ಲಿ ಒಂದು ಲಾಡ್ಜಿನ ಪಕ್ಕದ ಮೆಟ್ಟಿಲು ಹತ್ತಿದರೆ ನನ್ನ ಒಂದು ಕೋಣೆಯ ಆಫೀಸು ಸಿಗುತ್ತದೆ. ಫ್ಲೆಕ್ಸ್ ಬೋರ್ಡಿಗೆ, ಕರಪತ್ರಕ್ಕೆ, ಆಟೋಕ್ಕೆ ಮೈಕು ಕಟ್ಟಿ ಕೂಗಿಸುವ ಪ್ರಚಾರಕ್ಕೆ ಮಾತು ಬರೆದುಕೊಡುವವಳು ನಾನು. ಊರಿನ ಟ್ಯೂಷನ್ ಕ್ಲಾಸು, ಬೋರ್‌ವೆಲ್ಲು, ಸೀರೆ ಅಂಗಡಿ, ಹಲ್ಲಿನ ದವಾಖಾನೆ, ಎಲ್ಲದರ ಪರವಾಗಿ ನಾನು ಮಾತಾಡಿದ್ದೇನೆ. ಒಳ್ಳೆಯ ಸಾಲು ಬರೆಯುತ್ತೇನೆಂದು ಜನ ಹೇಳುತ್ತಾರೆ. ಸುಳ್ಳು ಯಾಕೆ, ನನಗೂ ಹಾಗೆಯೇ ಅನಿಸುತ್ತದೆ.

ಮೆಟ್ಟಿಲಿನ ಕೆಳಗೆ ಮಹಬೂಬ್ ಚಾಚಾ ಅವರ ಕೂಲರ್ ಅಂಗಡಿ. ಶಿವರಾತ್ರಿಯಿಂದ ಜೂನಿನ ಮಿರಗದ ಮಳೆಯವರೆಗೆ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆಮೇಲೆ ಎಂಟು ತಿಂಗಳು ಚಾಚಾ ಒಬ್ಬರೇ ಕೂತು ಉರ್ದು ಪೇಪರು ಓದುತ್ತಾರೆ. ಬೇಸಿಗೆಗಷ್ಟೇ ಕೆಲಸಕ್ಕೆ ಬರುವವರಲ್ಲಿ ಕಮಲಾಪುರದ ಶರಣಮ್ಮ ಒಬ್ಬಳು. ಕೂಲರಿನ ಮೂರು ಬಾಗಿಲಿಗೆ ತಂತಿಯ ಜಾಳಿಗೆ ಬಿಗಿದು ಹುಲ್ಲು ತುಂಬುವುದು ಆಕೆಯ ಕೆಲಸ. ಆಕೆ ತುಂಬಿದ ಹುಲ್ಲು ಸೀಸನ್ ಮುಗಿಯುವವರೆಗೂ ಒಂದು ಬೆರಳು ಕೆಳಗೆ ಕುಸಿಯುವುದಿಲ್ಲ. ಬೆಳಗ್ಗೆ ಊರಿನಿಂದ ಬಸ್ಸು ಹತ್ತಿ ಬರುವಳು, ಸಂಜೆಯ ಬಸ್ಸಿಗೆ ಹೋಗುವಳು. ಮಳೆ ಬಿದ್ದ ವಾರದಲ್ಲಿ ಚಾಚಾ ಆಕೆಯನ್ನು ಊರಿಗೆ ಕಳಿಸುವರು. ಅಲ್ಲಿ ಕೆಂಪು ಬಾಳೆಯ ತೋಟಗಳಲ್ಲಿ ಗೊನೆ ಹೊರುವ ಕೆಲಸ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ.

ಆ ವರ್ಷ ಆಕೆ ಬಂದ ಮೊದಲ ದಿನವೇ ಚಾಚಾನ ಮುಂದೆ ನಿಂತು ಮಾತಾಡಿದಳು. ನಾನು ಅಲ್ಲಿಯೇ ಚಹಾ ಕುಡಿಯುತ್ತಿದ್ದೆ.

"ಹನ್ನೊಂದ ವರ್ಷ ಆತ್ರಿ ಚಾಚಾ. ಪ್ರತಿ ಬ್ಯಾಸಗಿಗಿ ನಾ ಹೊಸಾಕಿ ಆಗಿನೇ ಬರ್ತೀನಿ. ಈ ಸಲ ಮಳಿ ಬಂದ್ ಮ್ಯಾಲ ಹೋಗು ಅಂದ್ರ, ನಾ ಮತ್ತ ಬರಂಗಿಲ್ಲ ನೋಡ್ರಿ."

"ಮಳಿಗಾಲದಾಗ ನಿನಗ ಏನ್ ಕೆಲಸ ಕೊಡ್ಲಿ? ಕೂಲರ್ ಯಾರ್ ತೊಗೋತಾರ?" ಎಂದರು ಚಾಚಾ. ಆದರೆ ಆ ಮಾತು ಅವರಿಗೆ ನಾಟಿತ್ತು. ಹದಿನೈದು ದಿನಕ್ಕೆ ಅಂಗಡಿಗೆ ಹೊಸ ಸಾಮಾನು ಬಂತು. ಟಿವಿಗೆ ಜೋಡಿಸಿ ಆಡುವ ಗೇಮ್ ಕನ್ಸೋಲ್, ಎರಡು ರಿಮೋಟಿನದು. ಹೆಸರು ಯಾರೂ ಕೇಳದ ಹೊಸ ಕಂಪನಿ. "ಇದಕ್ಕ ಬ್ಯಾಸಗಿ ಮಳಿ ಏನೂ ಇಲ್ಲ, ಬಾರಾ ಮಹಿನಾ ಹೋಗೋ ಮಾಲು" ಎಂದರು ಚಾಚಾ, ಶರಣಮ್ಮನ ಕಡೆ ನೋಡಿ. "ಮಳಿಗಾಲದಾಗೂ ಇದು ಹೋತಂದ್ರ ನೀನೂ ಇರು. ಜಬಾನ್ ಕೊಟ್ಟೀನಿ."

ಡಬ್ಬಿಗಳ ಜೊತೆ ಕಂಪನಿಯ ಪೋಸ್ಟರುಗಳೂ ಬಂದಿದ್ದವು. ಕತ್ತಲೆ ಕೋಣೆ, ನೀಲಿ ಬೆಳಕು, ಕಿವಿಗೆ ದೊಡ್ಡ ಹೆಡ್‌ಫೋನ್ ಹಾಕಿಕೊಂಡು ಹಲ್ಲು ಕಚ್ಚಿದ ಹುಡುಗ, ಅವನ ಬೆನ್ನ ಹಿಂದೆ ಕತ್ತಿ ಹಿಡಿದ ಒಬ್ಬ ರಾಕ್ಷಸ. ಕೆಳಗೆ ಇಂಗ್ಲಿಷಿನಲ್ಲಿ ನಿಯಮಗಳೆಲ್ಲ ಮುಗಿದವು ಎಂಬರ್ಥದ ಒಂದು ಸಾಲು. ಚಾಚಾ ಅದನ್ನು ಬಾಗಿಲಿನ ಎರಡೂ ಕಡೆ ಅಂಟಿಸಿದರು. ಜನ ಬಂದರು, ನೋಡಿದರು, ಹೋದರು. ಒಬ್ಬ ಮೇಷ್ಟ್ರು ಪೋಸ್ಟರಿನ ಮುಂದೆ ನಿಂತು ತನ್ನ ಮಗನ ಕೈಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡದ್ದನ್ನು ನಾನು ಮೆಟ್ಟಿಲಿನಿಂದಲೇ ಕಂಡೆ. ಒಂದು ತಿಂಗಳಲ್ಲಿ ಒಂದು ಡಬ್ಬಿಯೂ ಹೋಗಲಿಲ್ಲ.

ಡಬ್ಬಿಯಲ್ಲಿ ತಪ್ಪಿರಲಿಲ್ಲ. ಅದರೊಳಗೆ ಕಾರಿನ ರೇಸಿತ್ತು, ಕ್ರಿಕೆಟ್ಟಿತ್ತು, ಮೀನು ಹಿಡಿಯುವ ಆಟ ಇತ್ತು. ರಾಕ್ಷಸ ಎಲ್ಲಿದ್ದನೋ ನಾನು ಹುಡುಕಿದರೂ ಸಿಗಲಿಲ್ಲ. ಇಷ್ಟು ವರ್ಷದ ಕಸುಬಿನಲ್ಲಿ ನಾನು ಒಂದು ವಿಷಯ ಖಾತ್ರಿಯಾಗಿ ಕಲಿತಿದ್ದೇನೆ. ಹೊಸ ಸಾಮಾನಿಗೆ ತನ್ನದೇ ಮುಖ ಇರುವುದಿಲ್ಲ. ಕೊಳ್ಳುವವರು ಸಾಮಾನಿಗಿಂತ ಮೊದಲು ಚಿತ್ರದಲ್ಲಿ ಅದರ ಪಕ್ಕಕ್ಕೆ ನಿಂತವರನ್ನು ನೋಡುತ್ತಾರೆ. ಅಲ್ಲಿ ತಮ್ಮ ಮನೆಯವರು ಕಂಡರೆ ಒಳಗೆ ಬರುತ್ತಾರೆ, ಕಾಣದಿದ್ದರೆ ಮುಂದಿನ ಅಂಗಡಿಗೆ ಹೋಗುತ್ತಾರೆ. ಈ ಪೋಸ್ಟರಿನ ಹುಡುಗನಿಗೆ ಅಪ್ಪ, ಅವ್ವ, ಆಯಿ ಯಾರೂ ಇದ್ದಂತೆ ಕಾಣುತ್ತಿರಲಿಲ್ಲ. ಅಂಥ ಹುಡುಗನನ್ನು ದುಡ್ಡು ಕೊಟ್ಟು ಮನೆಗೆ ತರುವವರು ಕಲಬುರಗಿಯಲ್ಲಿ ಯಾರಿದ್ದಾರೆ?

"ಚಾಚಾ, ಈ ರಾಕ್ಷಸನ್ನ ಹರದು ಒಗೀರಿ. ನಾ ಬರಕೊಡ್ತೀನಿ" ಎಂದೆ.

ಸಾಲು ಹೊಳೆದದ್ದು ಜೇವರ್ಗಿ ಕಾಲೋನಿಯ ನಮ್ಮ ಮನೆಯಲ್ಲಿ, ಮಧ್ಯಾಹ್ನ ಎರಡು ಗಂಟೆಗೆ. ಪರೀಕ್ಷೆಗಳು ಮುಗಿದಿದ್ದವು. ಓಣಿಯ ತುಂಬ ತಾಯಂದಿರು ಬಾಗಿಲಿಗೆ ಬಂದು ಒಂದೇ ಮಾತು ಕೂಗುತ್ತಿದ್ದರು, ಬಿಸಿಲಾಗ ಹೋಗಬ್ಯಾಡ್ರೋ, ಒಳಗ ಬರ್ರೋ ಎಂದು. ಕೇಳುವವರು ಯಾರು? ಮಕ್ಕಳು ಡಾಂಬರು ಕರಗುವ ರಸ್ತೆಯಲ್ಲಿ ಬ್ಯಾಟು ಹಿಡಿದು ನಿಂತಿದ್ದರು. ನಾನು ಅಲ್ಲಿಯೇ ಕರೆಂಟ್ ಬಿಲ್ಲಿನ ಹಿಂದೆ ಬರೆದುಕೊಂಡೆ: "ಬಿಸಿಲು ಹೊರಗ, ಮಕ್ಕಳು ಒಳಗ." ಆಟೋದ ಮೈಕಿಗಾಗಿ ಚಾಚಾ ಅದನ್ನೇ ತಮ್ಮ ದಖ್ಖನಿ ಉರ್ದುವಿನಲ್ಲಿ ಹೇಳಿಕೊಟ್ಟರು: "ಧೂಪ್ ಬಾಹರ್, ಬಚ್ಚೇ ಅಂದರ್." ಬೋರ್ಡಿನ ಚಿತ್ರದಲ್ಲಿ ಹಗಲು ಬೆಳಕಿನ ಕೋಣೆ, ಗೋಡೆಗೆ ಕೂಲರು, ಟಿವಿ ಮುಂದೆ ನಗುತ್ತ ಕೂತ ಇಬ್ಬರು ಮಕ್ಕಳು, ಅವರಿಗೆ ಪಾನಕ ತಂದು ನಿಂತ ತಾಯಿ.

ಆಮೇಲೆ ನಡೆದದ್ದನ್ನು ಹೇಳುವಾಗ ಇವತ್ತಿಗೂ ನನ್ನ ಕತ್ತು ಸ್ವಲ್ಪ ಉದ್ದವಾಗುತ್ತದೆ. ಮೊದಲ ವಾರದಲ್ಲೇ ಜನ ಕೂಲರಿನ ಜೊತೆಗೆ ಡಬ್ಬಿಯನ್ನೂ ಆಟೋಕ್ಕೆ ಏರಿಸತೊಡಗಿದರು. ಹೆಸರೂ ಹುಟ್ಟಿಕೊಂಡಿತು. ಕಂಪನಿ ಇಟ್ಟ ಇಂಗ್ಲಿಷ್ ಹೆಸರು ಯಾರ ನಾಲಿಗೆಗೂ ಹತ್ತಲಿಲ್ಲ, "ಬಿಸಲಿನ ಡಬ್ಬಿ ಅದಾವೇನ್ರಿ?" ಎಂದೇ ಕೇಳಿಕೊಂಡು ಬರುತ್ತಿದ್ದರು. ಹುಲ್ಲು ತುಂಬುವ ಕೆಲಸದ ನಡುವೆ ಶರಣಮ್ಮನೇ ಅಂಗಡಿಯ ಟಿವಿಯಲ್ಲಿ ಆಟ ಆಡಿ ತೋರಿಸುವಳು. ತಂತಿ ಎಳೆದು ಎಳೆದು ಗಟ್ಟಿಯಾದ ಆಕೆಯ ಹೆಬ್ಬೆರಳು ರಿಮೋಟಿನ ಮೇಲೆ ಹೇಗೆ ಓಡುತ್ತಿತ್ತೆಂದರೆ, ಕಾರಿನ ರೇಸಿನಲ್ಲಿ ಆಕೆಯನ್ನು ಸೋಲಿಸಲು ಕುಸನೂರಿನ ಕಡೆಯ ಹಾಸ್ಟೆಲ್ ಹುಡುಗರು ಆಟೋ ಮಾಡಿಕೊಂಡು ಬರುತ್ತಿದ್ದರು. ಸೋತು ಹೋಗುತ್ತಿದ್ದರು. "ನಾಳಿ ಬರ್ರಿ, ನಾಳಿನೂ ಸೋಲಸ್ತೀನಿ" ಎನ್ನುವಳು.

ಮೇ ತಿಂಗಳ ಕೊನೆಗೆ ಚಾಚಾ ಎರಡನೇ ಸಲ ಮಾಲು ತರಿಸಿದರು, ಮೊದಲ ಸಲಕ್ಕಿಂತ ಹೆಚ್ಚು. ನಾನೇ ತರಿಸಿರಿ ಎಂದಿದ್ದೆ. ಶರಣಮ್ಮ ಇನ್ನು ಊರಿಗೆ ಹೋಗುವ ಪ್ರಶ್ನೆಯೇ ಇಲ್ಲ ಎಂದು ನಾನು ಆಕೆಗೆ ಮೂರು ಸಲ ಹೇಳಿದ್ದೆ. ಮೂರನೆಯ ಸಲ ಆಕೆ, "ನೀವ್ ಅಂದ್ರಲ್ಲ ಅಕ್ಕಾರ, ನಂಬೀನಿ" ಎಂದಳು.

ಜೂನಿನ ಎರಡನೇ ವಾರ ಮಳೆ ಬಂತು. ಕಲಬುರಗಿಯ ಮೊದಲ ಮಳೆ ಎಂದರೆ ಮೊದಲು ಧೂಳು, ಆಮೇಲೆ ಗಾಳಿ, ಆಮೇಲೆ ಒಮ್ಮೆಲೇ ನೀರು. ಓಣಿಯ ಜನವೆಲ್ಲ ಬಾಗಿಲಲ್ಲಿ ನಿಂತು ಮೈ ತೋಯಿಸಿಕೊಂಡೆವು. ಮರುದಿನ ಭಾನುವಾರ. ಪಕ್ಕದ ಮನೆಯ ನಿರ್ಮಲಾ ವೈನಿಗೆ ಉಪ್ಪಿನಕಾಯಿ ಕೊಡಲು ಹೋದೆ. ಅವರ ಮನೆಯವರು ಸ್ಟೂಲಿನ ಮೇಲೆ ನಿಂತು ಕೂಲರನ್ನು ಅಟ್ಟಕ್ಕೆ ಏರಿಸುತ್ತಿದ್ದರು. ಕೂಲರು ಹೋಯಿತು. ಅದರ ಹಿಂದೆಯೇ ವೈನಿ ಹಳೆಯ ಚಾದರದಲ್ಲಿ ಸುತ್ತಿದ ಇನ್ನೊಂದು ಗಂಟನ್ನು ಮೇಲಕ್ಕೆ ಕೊಟ್ಟರು. ನುಸಿಗುಳಿಗೆಯ ವಾಸನೆ ಬರುತ್ತಿತ್ತು.

"ಅದೇನ್ರಿ ವೈನಿ?"

"ಬಿಸಲಿನ ಡಬ್ಬಿರಿ. ಬ್ಯಾಸಗಿ ಮುಗೀತಲ್ಲ. ಥಂಡಿ ಹಿಡದು ಕೆಟ್ಟೀತು ಅಂತ ಗುಳಿಗಿ ಹಾಕಿ ಕಟ್ಟೀನಿ. ಮುಂದಿನ ವರ್ಷ ಇಳಸಿದ್ರಾತು."

ನಾನು ಮೊದಲು ಜೋರಾಗಿ ನಕ್ಕೆ. ವೈನಿ ನಗಲಿಲ್ಲ. ಅವರು ತಮಾಷೆ ಮಾಡಿರಲಿಲ್ಲ. ಆ ಸಂಜೆ ಓಣಿಯಲ್ಲಿ ಇನ್ನೂ ನಾಲ್ಕು ಮನೆಗೆ ಹೋಗಿ ಬಂದೆ, ಸುಮ್ಮನೆ ಮಾತಾಡಿಸುವವಳ ಹಾಗೆ. ಮೂರು ಮನೆಯಲ್ಲಿ ಡಬ್ಬಿ ಆಗಲೇ ಅಟ್ಟ ಹತ್ತಿತ್ತು. ನಾಲ್ಕನೆಯ ಮನೆಯಲ್ಲಿ ಸ್ಟೂಲು ಹುಡುಕುತ್ತಿದ್ದರು.

ಅಂಗಡಿಯಲ್ಲೂ ಅದೇ ಪಾಡು. ಶಾಲೆಗಳು ಶುರುವಾಗಿದ್ದವು. ಡಬ್ಬಿ ಕೇಳುವವರೇ ಇಲ್ಲ. ಅಕಸ್ಮಾತ್ ಬಂದವರಿಗೆ ಚಾಚಾ ಒತ್ತಾಯ ಮಾಡಿದರೆ, "ಈಗ್ಯಾಕ್ರಿ ಮಳಿಗಾಲದಾಗ? ಶಿವರಾತ್ರಿ ಆಗ್ಲಿ" ಎನ್ನುತ್ತಿದ್ದರು. ಬೇಸಿಗೆಯ ಚಿತ್ರ, ಕೂಲರಿನ ಪಕ್ಕದ ಜಾಗ, ಬಿಸಿಲು ಎಂಬ ಮಾತು, ಇವೆಲ್ಲ ನಾನೇ ಕೊಟ್ಟವು. ಜನ ನನ್ನ ಮಾತನ್ನು ಅಷ್ಟೂ ನಂಬಿದ್ದರು. ಹನ್ನೆರಡು ತಿಂಗಳು ಹೋಗಬೇಕಾಗಿದ್ದ ಮಾಲನ್ನು ನಾನು ನಾಲ್ಕು ತಿಂಗಳ ಸಾಮಾನು ಮಾಡಿ ಕೂರಿಸಿದ್ದೆ. ಶರಣಮ್ಮನಿಗೆ ಆಗಿದ್ದೂ ಅದೇ ಅಲ್ಲವೇ ಎಂದು ಹೊಳೆದಾಗ ನನಗೆ ನಾಚಿಕೆಯಾಯಿತು.

ಸೋತೆ ಎಂದು ಒಪ್ಪುವ ಹೆಣ್ಣು ನಾನಲ್ಲ. ಹೊಸ ಬೋರ್ಡು ಬರೆದೆ: "ಮಳೆಯಾದರೇನು, ಆಟ ನಿಲ್ಲುವುದೇ?" ಆಟೋದವನು ಅದನ್ನು ಕೂಗಿಕೊಂಡು ಹೊರಟರೆ ಸೂಪರ್ ಮಾರ್ಕೆಟ್ಟಿನ ಕಡೆ ಜನ, ಚಾಚಾನ ಮಾಲು ಉಳದದ ಕಾಣಸ್ತದ ಎಂದು ನಕ್ಕರಂತೆ. ಇನ್ನೊಂದು ಬರೆದೆ, ಅದೂ ಹತ್ತಲಿಲ್ಲ. ಒಮ್ಮೆ ಜನರ ಮನಸ್ಸಿನಲ್ಲಿ ಕೂತ ಮಾತನ್ನು ಏಳಿಸುವುದು ಹೊಸ ಮಾತು ಕೂರಿಸುವುದಕ್ಕಿಂತ ಹತ್ತು ಪಟ್ಟು ಕಷ್ಟ. ಅದು ನನ್ನದೇ ಮಾತಾಗಿದ್ದರೆ ಇನ್ನೂ ಕಷ್ಟ.

ಕೂಲರಿನ ಉಳಿದ ಕೆಲಸಗಾರರು ಊರಿಗೆ ಹೋದರು. ಚಾಚಾ ಶರಣಮ್ಮನ ಮುಖ ನೋಡದೆ, "ಇನ್ನ ಒಂದ್ ತಿಂಗಳು ನೋಡೋಣು" ಎಂದರು. ಅದರರ್ಥ ಮೂವರಿಗೂ ತಿಳಿದಿತ್ತು. ನಾನು ಆಕೆಯ ಮುಂದೆ ಕೂತು, "ತಪ್ಪು ನಂದು ಶರಣಮ್ಮ" ಎಂದೆ.

"ತಪ್ಪು ಆಮ್ಯಾಲ ಹಂಚ್ಕೊಳ್ಳೋಣ್ರಿ" ಎಂದಳು. "ಕೂಲರ್ ತೊಗೊಂಡವರ ಹೆಸರು, ಮನಿ ನಂಬರ್ ಬರದಿದ್ದ ಬುಕ್ಕು ಎಲ್ಲದ?"

ನಮ್ಮ ಕಡೆ ಕೂಲರು ಅಟ್ಟಕ್ಕೆ ಹೋಗುವ ಮೊದಲು ಒಂದು ಕೆಲಸ ಇದೆ. ತೊಟ್ಟಿಯ ನೀರು ಪೂರ್ತಿ ಖಾಲಿ ಮಾಡಬೇಕು, ಕೆಸರು ಒರೆಸಬೇಕು, ಹುಲ್ಲು ತೆಗೆದು ಒಣಗಿಸಬೇಕು. ಸೋಮಾರಿಗಳು ಹಾಗೆಯೇ ಕಟ್ಟಿಟ್ಟು ಮುಂದಿನ ವರ್ಷ ಸೊಳ್ಳೆ ಸಾಕುತ್ತಾರೆ. ಶರಣಮ್ಮ ಆ ಬುಕ್ಕು ಹಿಡಿದು ಮನೆಮನೆಗೆ ಹೊರಟಳು, ಕೂಲರು ತೊಳೆದುಕೊಡುತ್ತೇನೆ ಎಂದು. ಮೊದಲ ದಿನ ನಾನೂ ಜೊತೆಗಿದ್ದೆ. ಪಕ್ಕದ ನಿರ್ಮಲಾ ವೈನಿಯ ಮನೆಯಿಂದಲೇ ಶುರು.

ಅಟ್ಟದಿಂದ ಕೂಲರು ಇಳಿಯಿತು, ಶರಣಮ್ಮ ತೊಳೆದಳು. ಅದನ್ನು ಮತ್ತೆ ಮೇಲಿಡುವ ಮೊದಲು ಚಾದರದ ಗಂಟನ್ನು ಕೆಳಗಿಳಿಸಿ ಬಿಚ್ಚಿದಳು. ನಾನು ಅದರ ಗುಣಗಾನ ಶುರು ಮಾಡಬೇಕೆಂದು ಬಾಯಿ ತೆರೆದೆ. ಆಕೆ ನನ್ನತ್ತ ಕೈ ಅಡ್ಡ ಹಿಡಿದಳು.

"ವೈನಿ, ನೀವು ಇದನ್ನ ಆಡೀರೇನ್ರಿ?"

"ನಾನೇ?" ವೈನಿ ಕೈ ಒರೆಸಿಕೊಂಡರು. "ನಾ ಯಾಕ್ ಆಡ್ಲಿ? ಹುಡುಗರದು ಅದು."

"ಹುಡುಗರು ಎಲ್ಲದಾರ?"

"ಸಾಲಿಗಿ ಹೋಗ್ಯಾರ."

"ಕೆಲಸ ಮುಗದದ?"

"ಮುಗದದ."

"ಹಂಗಿದ್ರ ಕೂಡ್ರಿ ಇಲ್ಲಿ."

ನಾನು ಗೋಡೆಗೆ ಒರಗಿ ನಿಂತೆ. ಬೋರ್ಡಿನಲ್ಲಿ ನಾನು ತಾಯಿಯ ಕೈಗೆ ಪಾನಕದ ತಟ್ಟೆ ಕೊಟ್ಟಿದ್ದೆ. ಎರಡು ರಿಮೋಟಿನ ಡಬ್ಬಿ ಅದು. ಆದರೂ ಆಕೆಯ ಕೈಗೆ ರಿಮೋಟು ಕೊಡುವುದು ನನಗೆ, ಒಬ್ಬ ಹೆಂಗಸಿಗೆ, ಹೊಳೆದಿರಲೇ ಇಲ್ಲ. ವೈನಿ ಮೊದಲ ಆಟದಲ್ಲಿ ಕಾರನ್ನು ಉಲ್ಟಾ ಓಡಿಸಿದರು. ಎರಡನೆಯದರಲ್ಲಿ ಗೋಡೆಗೆ ಹೊಡೆದರು. ಏಳನೆಯದರಲ್ಲಿ ನಾವು ಎದ್ದು ನಿಂತರೂ ಅವರು ಏಳಲಿಲ್ಲ. "ಇನ್ನೊಂದ್ ತಡೀರಿ, ಈಗ ಬರ್ಲಿಕತ್ತದ" ಎಂದರು, ಕಣ್ಣು ಟಿವಿಯಿಂದ ತೆಗೆಯದೆ. ಹೊರಗೆ ಮಳೆ ಸುರಿಯುತ್ತಿತ್ತು. ಡಬ್ಬಿ ಮತ್ತೆ ಅಟ್ಟಕ್ಕೆ ಹೋಗಲಿಲ್ಲ.

ಹೀಗೆ ದಿನಕ್ಕೆ ನಾಲ್ಕು ಮನೆ, ಐದು ಮನೆ. ಮಕ್ಕಳು ಶಾಲೆಗೆ, ಗಂಡಸರು ಆಫೀಸಿಗೆ ಹೋದ ಮೇಲೆ ಊರಿನ ತುಂಬ ಖಾಲಿ ಟಿವಿಗಳು, ಅವುಗಳ ಎದುರು ಕೆಲಸ ಮುಗಿಸಿದ ಹೆಂಗಸರು. ಅಷ್ಟು ದೊಡ್ಡ ಗಿರಾಕಿ ಬಳಗ ಕಂಪನಿಯ ರಾಕ್ಷಸನಿಗೂ ಕಂಡಿರಲಿಲ್ಲ, ನನಗೂ ಕಂಡಿರಲಿಲ್ಲ. ಇಳಿಸಿದ ಒಂದು ಡಬ್ಬಿ ನೋಡಲು ಪಕ್ಕದ ಮನೆಯವರು ಬರುವರು, ವಾರದೊಳಗೆ ಅವರಲ್ಲಿ ಒಬ್ಬರು ಚಾಚಾನ ಅಂಗಡಿಗೆ ಬರುವರು. ಚಾಚಾನ ಮನೆಯ ಓಣಿಯಲ್ಲಿ ಚಾಚಿಯೇ ಮುಂದಾಳು. ಸೊಸೆಯರಿಬ್ಬರನ್ನೂ ಮೀನು ಹಿಡಿಯುವ ಆಟದಲ್ಲಿ ಸೋಲಿಸಿದರೆಂದು ಚಾಚಾ ಹೆಮ್ಮೆಯಿಂದ ಹೇಳುತ್ತ, "ಖಾನಾ ಮಾತ್ರ ತಡಾ ಆಗ್ಲಿಕತ್ತದ" ಎಂದು ಗೊಣಗುವರು.

ಜುಲೈ ತಿಂಗಳ ಒಂದು ಭಾನುವಾರ ಶರಣಮ್ಮ ಅಂಗಡಿಯ ಆಟದ ಡಬ್ಬಿಯನ್ನು ಚೀಲದಲ್ಲಿ ಹಾಕಿಕೊಂಡು ಕಮಲಾಪುರಕ್ಕೆ ಒಯ್ದಳು. ನನ್ನನ್ನೂ ಕರೆದಳು. ಬಸ್ಸಿನ ಕಿಟಕಿಯಾಚೆ ಕೆಂಪು ಕಲ್ಲು, ತೋಯ್ದ ತೊಗರಿ ಹೊಲ, ಊರು ಹತ್ತಿರವಾದಂತೆ ಬಾಳೆಯ ತೋಟ. ಆಕೆಯ ಮನೆಯ ತಗಡಿನ ಮೇಲೆ ಮಳೆ ಎಷ್ಟು ಜೋರಾಗಿ ಬಡಿಯುತ್ತಿತ್ತೆಂದರೆ ಟಿವಿಯ ದನಿ ಕೇಳುತ್ತಿರಲಿಲ್ಲ, ಯಾರಿಗೂ ಬೇಕಾಗಿರಲೂ ಇಲ್ಲ. ಓಣಿಯ ಸ್ತ್ರೀಶಕ್ತಿ ಸಂಘದ ಹೆಂಗಸರೆಲ್ಲ ಒತ್ತಾಗಿ ಕೂತಿದ್ದರು. ಶರಣಮ್ಮನ ಅತ್ತೆ ಕನ್ನಡಕ ಏರಿಸಿ ರಿಮೋಟು ಹಿಡಿದು ಕಾರು ಓಡಿಸುತ್ತಿದ್ದರು. ತಿರುವಿನಲ್ಲಿ ಅದು ಪಲ್ಟಿ ಹೊಡೆದಾಗ, "ರೋಡ್ ಸುಮಾರ್ ಅದ, ಗುತ್ತೇದಾರನ್ನ ಹಿಡಕೊಂಡ್ ಬರ್ರಿ" ಎಂದರು. ಮನೆ ತುಂಬ ನಗು. ಸಂಘದ ಕೋಣೆಗೆ ಒಂದು ಇರಲಿ ಎಂದು ಅವರು ಅಲ್ಲಿಯೇ ತೀರ್ಮಾನ ಮಾಡಿದರು. ನನ್ನ ಯಾವ ಬೋರ್ಡೂ ಆ ಊರಿನಲ್ಲಿ ಇರಲಿಲ್ಲ. ನಾನು ಕೆಂಪು ಬಾಳೆಹಣ್ಣು ತಿನ್ನುತ್ತ ನನಗಿಂತ ದೊಡ್ಡ ಕಸುಬುದಾರಳನ್ನು ನೋಡುತ್ತ ಕೂತಿದ್ದೆ. ಹೊಟ್ಟೆಕಿಚ್ಚು ಆಗಬೇಕಿತ್ತು, ಖುಷಿಯಾಯಿತು.

ಮರುದಿನ ಹಳೆಯ ಬೋರ್ಡು ಇಳಿಸಿದೆ. ಹೊಸದರಲ್ಲಿ ಬಿಸಿಲಿಲ್ಲ, ಮಳೆಯಿಲ್ಲ. ನೆಲದ ಮೇಲೆ ಕೂತ ಇಬ್ಬರು ಹೆಂಗಸರು, ಕೈಯಲ್ಲಿ ಒಂದೊಂದು ರಿಮೋಟು, ಮೇಲೆ ಒಂದೇ ಸಾಲು: "ಕೆಲಸ ಮುಗದದ? ಕೂಡ್ರಿ ಇಲ್ಲಿ." ಅದು ಯಾರ ಸಾಲು ಎಂದು ಕೇಳಿದವರಿಗೆಲ್ಲ ಹೇಳಿದೆ.

ಇಷ್ಟಾದರೂ ಶರಣಮ್ಮನ ವಿಷಯದಲ್ಲಿ ಚಾಚಾ ಬಾಯಿ ಬಿಟ್ಟಿರಲಿಲ್ಲ. ಒಂದು ತಿಂಗಳು ನೋಡೋಣ ಎಂದಿದ್ದರು, ತಿಂಗಳು ಮುಗಿದು ಹತ್ತು ದಿನವಾಗಿತ್ತು. ಇರು ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಆಕೆಯೂ ಕೇಳಲಿಲ್ಲ. ದಿನಾ ಬರುವಳು, ದಿನಾ ಹೋಗುವಳು. ಆಕೆಗೆ ಒಳಗೊಳಗೇ ದಿಗಿಲಿದೆ ಎಂದು ನನಗೆ ಗೊತ್ತಾಗುತ್ತಿತ್ತು, ಏಕೆಂದರೆ ಆಟದಲ್ಲಿ ಹಾಸ್ಟೆಲ್ ಹುಡುಗರಿಗೆ ಎರಡು ಸಲ ಸೋತಳು.

ನಾಗರ ಪಂಚಮಿಗೆ ಎರಡು ದಿನ ಮೊದಲು, ಸಂಜೆಯ ಬಸ್ಸಿನ ಹೊತ್ತಿಗೆ, ನಾನು ಮೆಟ್ಟಿಲು ಇಳಿದು ಅಂಗಡಿಯ ಮುಂದೆ ನಿಂತಿದ್ದೆ. ಶರಣಮ್ಮ ಚೀಲ ಹೆಗಲಿಗೆ ಹಾಕಿಕೊಂಡವಳು ಹೊರಡಲಿಲ್ಲ. ಚಾಚಾನ ಎದುರು ಬಂದು ನಿಂತಳು. ಸೆರಗು ಸರಿ ಮಾಡಿಕೊಂಡಳು, ಇನ್ನೊಮ್ಮೆ ಸರಿ ಮಾಡಿಕೊಂಡಳು.

"ಚಾಚಾ, ಮಗಳು ಮದಿವಿ ಆದ್ ಮ್ಯಾಲ ಮೊದಲನೇ ಪಂಚಮಿಗಿ ಇವತ್ತ ಬರ್ಲಿಕತ್ಯಾಳ. ನಾಡದ ಒಂದ್ ದಿನ ನನಗ ರಜಾ ಬೇಕ್ರಿ."

ಹನ್ನೊಂದು ವರ್ಷದಲ್ಲಿ ಆ ಹೆಂಗಸು ರಜೆ ಕೇಳಿದ್ದು ನಾನು ಕಂಡಿರಲಿಲ್ಲ. ಬೇಸಿಗೆಯ ಕೆಲಸಗಾರರಿಗೆ ರಜೆ ಎಂಬುದೇ ಇಲ್ಲ. ಎಂಟು ತಿಂಗಳು ಮನೆಗೆ ಕಳಿಸುತ್ತಾರೆ, ಅಷ್ಟೇ. ನೌಕರಿ ಇದ್ದವರು ಮಾತ್ರ ರಜೆ ಕೇಳುತ್ತಾರೆ.

ಚಾಚಾ ಪೇಪರು ಮಡಚಿದರು. ಆಕೆ ಏನು ಕೇಳುತ್ತಿದ್ದಾಳೆಂದು ಅವರಿಗೂ ಅರ್ಥವಾಗಿತ್ತು.

"ನಾಡದೇನ?" ಎಂದರು. "ಹಬ್ಬದ ಗಿರಾಕಿ ಇರ್ತದ. ನಾ ಒಬ್ಬನೇ ಹೆಂಗ್ ಮಾಡ್ಲಿ?"

"ಒಂದೇ ದಿನ ರೀ."

"ಒಂದೇ ದಿನ ನೋಡ್. ಮರುದಿನ ಹತ್ತಕ್ಕ ಇಲ್ಲಿರಬೇಕು. ತಡಾ ಆದ್ರ ನಡಿಯಂಗಿಲ್ಲ."

"ತಡಾ ಮಾಡಂಗಿಲ್ರಿ" ಎಂದಳು ಶರಣಮ್ಮ. ಆಮೇಲೆ ತಿರುಗಿ ನನ್ನ ಪಕ್ಕದಿಂದಲೇ ಹಾದುಹೋದಳು, ನನ್ನನ್ನು ನೋಡದೆ, ಏಕೆಂದರೆ ನೋಡಿದ್ದರೆ ಇಬ್ಬರೂ ಅಳುತ್ತಿದ್ದೆವು. ಅವತ್ತು ಆಕೆ ಕಮಲಾಪುರದ ಬಸ್ಸಿಗೆ ಓಡಲಿಲ್ಲ. ಹೂವಿನವಳ ಮುಂದೆ ನಿಂತು, ಒಂದೊಂದೇ ಮಾಲೆ ಎತ್ತಿ ನೋಡಿ, ಚೌಕಾಸಿ ಮಾಡಿ, ಮಗಳಿಗೆಂದು ಎರಡು ಮೊಳ ಮಲ್ಲಿಗೆ ಕಟ್ಟಿಸಿಕೊಂಡು ಮುಂದಿನ ಬಸ್ಸಿಗೆ ಹೋದಳು.